ಅರಿಸಿನ ಬಿದ್ದ ತೆರೆ: ಪ್ರಕ್ಷೇಪಕ ಯಂತ್ರದ ರೋಗನಿದಾನ

ನುರಿತ ವೈದ್ಯನು ರೋಗಿಯ ನಾಡಿ ಹಿಡಿದು, ನಾಲಗೆ ನೋಡಿ, ಕಣ್ಣಿನ ರೆಪ್ಪೆಯನ್ನು ಬಿಡಿಸಿ, ದೇಹದೊಳಗೆ ಅಡಗಿರುವ ರೋಗ ಇಂಥದೆಂದು ನಿರ್ಧರಿಸುತ್ತಾನೆ. ಕಣ್ಣು ಹಳದಿಯಾಗಿದೆಯೆಂದು ಆತ ಕಣ್ಣಿಗೆ ಔಷಧಿ ಹಾಕುವುದಿಲ್ಲ; ಯಕೃತ್ತಿನ ಕಡೆಗೆ ಗಮನ ಕೊಡುತ್ತಾನೆ. ಯಂತ್ರಗಳ ವಿಷಯದಲ್ಲಿಯೂ ಇದೇ ನ್ಯಾಯ. ಮನೆಯಲ್ಲಿ ಚಲನಚಿತ್ರವನ್ನು ದೊಡ್ಡದಾಗಿ ತೋರಿಸುವ ಪ್ರಕ್ಷೇಪಕ ಯಂತ್ರ, ಎಂದರೆ ಪ್ರೊಜೆಕ್ಟರ್, ಕೆಟ್ಟಾಗ ಅದರ ರೋಗಲಕ್ಷಣವು ತೆರೆಯ ಮೇಲೆಯೇ ಬರೆದಿರುತ್ತದೆ. ಅದನ್ನು ಓದಲು ಬೇಕಾದುದು ನಾವು ಪದವಿಪೂರ್ವ ತರಗತಿಯಲ್ಲಿ ಕಲಿಯುವ ಭೌತಶಾಸ್ತ್ರವೇ ಹೊರತು ಮಂತ್ರವಿದ್ಯೆಯಲ್ಲ. ಇದನ್ನು ಒಂದು ನಿಜವಾದ ಪ್ರಸಂಗದ ಮೂಲಕ ವಿವರಿಸುವುದೇ ಈ ಲೇಖನದ ಉದ್ದೇಶ.

ಯಲಹಂಕ ಉಪನಗರದಲ್ಲಿರುವ ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಬೆಲೆಬಾಳುವ ಪ್ರಕ್ಷೇಪಕವೊಂದಿದೆ. ಅವರ ತಾಯಿಯವರಿಗೆ ದೃಷ್ಟಿ ಮಂದ. ಸಾಧಾರಣ ದೂರದರ್ಶನದ ಪೆಟ್ಟಿಗೆಯಲ್ಲಿ ಮುಖಗಳು ಗುರುತು ಹತ್ತುವುದಿಲ್ಲ. ಗೋಡೆಯಷ್ಟು ದೊಡ್ಡ ತೆರೆಯ ಮೇಲೆ ಹಳೆಯ ಚಿತ್ರಗಳನ್ನು ನೋಡುವುದು ಅವರಿಗೆ ಉಳಿದಿದ್ದ ಒಂದೇ ಮನರಂಜನೆ. ಒಂದು ಸಂಜೆ 1954ರ 'ಬೇಡರ ಕಣ್ಣಪ್ಪ' ಚಿತ್ರವನ್ನು ನೋಡುತ್ತಿದ್ದವರು, "ಏನಪ್ಪಾ, ಕಪ್ಪು-ಬಿಳುಪಿನ ಚಿತ್ರಕ್ಕೆ ಯಾರು ಅರಿಸಿನ ಚೆಲ್ಲಿದರು?" ಎಂದು ಕೇಳಿದರು. ತೆರೆಯ ನಡುವೆ, ಸ್ವಲ್ಪ ಕೆಳಗೆ, ಅಂಗೈ ಅಗಲದ ಹಳದಿ ಕಲೆ ಮೂಡಿತ್ತು. ದಿನಗಳೆದಂತೆ ಅದು ಹರಡಿತು. ದುರಸ್ತಿಯ ಅಂಗಡಿಯೊಂದರಲ್ಲಿ ತೋರಿಸಿದಾಗ, ಒಳಗಿನ ಬೆಳಕಿನ ಭಾಗವನ್ನು ಇಡಿಯಾಗಿ ಬದಲಾಯಿಸಬೇಕೆಂದೂ ಅದಕ್ಕೆ ಹೊಸ ಯಂತ್ರದ ಬೆಲೆಯ ಮುಕ್ಕಾಲು ಪಾಲು ತಗಲುವುದೆಂದೂ ಹೇಳಿದರು. ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ನೋಡಿರೆಂದು ಸಹೋದ್ಯೋಗಿಗಳು ನನ್ನನ್ನು ಕರೆದರು. ಯಶವಂತಪುರದಲ್ಲಿ ಚಿಕ್ಕ ಮಳಿಗೆ ಇಟ್ಟುಕೊಂಡಿರುವ, ಈ ಕೆಲಸದಲ್ಲಿ ಕೈ ಪಳಗಿದ ಕುಶಲಕರ್ಮಿಯೊಬ್ಬರನ್ನು ನಾನು ಜೊತೆಗೆ ಕರೆದುಕೊಂಡು ಹೋದೆ.

ಮೂರು ಬಣ್ಣಗಳ ಮೂರು ದಾರಿ

ರೋಗವನ್ನು ತಿಳಿಯಬೇಕಾದರೆ ಮೊದಲು ದೇಹರಚನೆಯನ್ನು ತಿಳಿಯಬೇಕು. ಈ ಬಗೆಯ ಪ್ರಕ್ಷೇಪಕದಲ್ಲಿ ಪಾದರಸದ ಆವಿಯಿಂದ ಬೆಳಗುವ ಪ್ರಬಲವಾದ ದೀಪವೊಂದಿರುತ್ತದೆ. ಅದರ ಬಿಳಿಯ ಬೆಳಕು ಕೆಲವು ವಿಶೇಷ ಕನ್ನಡಿಗಳನ್ನು ಎದುರಿಸುತ್ತದೆ. ಸಾಧಾರಣ ಕನ್ನಡಿ ಎಲ್ಲ ಬಣ್ಣಗಳನ್ನೂ ಹಿಂದಿರುಗಿಸುವುದು, ಇವು ಹಾಗಲ್ಲ. ಅತಿ ತೆಳುವಾದ ಹಲವು ಲೇಪಗಳಿಂದಾದ ಇವು ಒಂದು ಬಣ್ಣವನ್ನು ಪ್ರತಿಫಲಿಸಿ ಉಳಿದವನ್ನು ಹಾಯಗೊಡುತ್ತವೆ. ಸೋಪಿನ ಗುಳ್ಳೆಯ ಮೇಲೆ ಬಣ್ಣಗಳನ್ನು ಮೂಡಿಸುವ ವ್ಯತಿಕರಣವೇ ಇದಕ್ಕೂ ಕಾರಣ. ಹೀಗೆ ಬಿಳಿಯ ಬೆಳಕು ಕೆಂಪು, ಹಸುರು, ನೀಲಿ ಎಂದು ಮೂರಾಗಿ ಒಡೆದು ಮೂರು ದಾರಿ ಹಿಡಿಯುತ್ತದೆ.

ಪ್ರತಿಯೊಂದು ದಾರಿಯಲ್ಲಿಯೂ ಅಂಚೆಚೀಟಿಯಷ್ಟು ಸಣ್ಣದಾದ ದ್ರವಸ್ಫಟಿಕದ ಫಲಕವೊಂದು ನಿಂತಿದೆ. ಇದರಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080, ಒಟ್ಟು 20 ಲಕ್ಷಕ್ಕೂ ಮಿಕ್ಕ ಕಿಟಕಿಗಳಿವೆ. ಪ್ರತಿ ಕಿಟಕಿಯೂ ಎಷ್ಟು ಬೆಳಕನ್ನು ಬಿಡಬೇಕೆಂಬುದನ್ನು ವಿದ್ಯುತ್ತು ನಿಯಂತ್ರಿಸುತ್ತದೆ. ಮೂರು ಫಲಕಗಳಿಂದ ಹೊರಟ ಮೂರು ಬಣ್ಣದ ಚಿತ್ರಗಳು ಗಾಜಿನ ಘನಾಕೃತಿಯ ಪಟ್ಟಕದಲ್ಲಿ ಒಂದರ ಮೇಲೊಂದು ಕೂಡಿ, ಮಸೂರದ ಮೂಲಕ ತೆರೆಗೆ ಹೋಗುತ್ತವೆ. ಫಲಕದ ಮೂಲೆಯಿಂದ ಮೂಲೆಗೆ 0.74 ಅಂಗುಲವಿದ್ದು ತೆರೆಯದು 100 ಅಂಗುಲವಿದ್ದರೆ, ವರ್ಧನೆ ಸುಮಾರು 135 ಮಡಿ. ಫಲಕದಲ್ಲಿ ಮಿಲಿಮೀಟರಿನ ಸಾವಿರದ ಎಂಟೂವರೆ ಪಾಲಿನಷ್ಟಿರುವ ಕಿಟಕಿಯು ತೆರೆಯ ಮೇಲೆ ಒಂದು ಮಿಲಿಮೀಟರಿಗಿಂತ ತುಸು ದೊಡ್ಡ ಚುಕ್ಕೆಯಾಗುತ್ತದೆ. ಒಳಗಿನ ಅಣುಮಾತ್ರ ದೋಷವೂ ಹೊರಗೆ ಎದ್ದು ಕಾಣುವುದಕ್ಕೆ ಕಾರಣ ಈ ವರ್ಧನೆಯೇ.

ಕಿಟಕಿ ತೆರೆಯುವ ಬಗೆ

ದ್ರವಸ್ಫಟಿಕವು ಬೆಳಕನ್ನು ತಾನೇ ತಡೆಯಲಾರದು. ಅದರ ಹಿಂದೆ ಮುಂದೆ ಎರಡು ಧ್ರುವಕ ಹಾಳೆಗಳಿರಬೇಕು. ಬೆಳಕಿನ ತರಂಗಗಳು ತಾವು ಸಾಗುವ ದಿಕ್ಕಿಗೆ ಅಡ್ಡಲಾಗಿ ಎಲ್ಲ ಕಡೆಗೂ ಕಂಪಿಸುತ್ತವೆಯಷ್ಟೆ. ಧ್ರುವಕವು ಅವುಗಳಲ್ಲಿ ಒಂದು ದಿಕ್ಕಿನ ಕಂಪನವನ್ನು ಮಾತ್ರ ಬಿಟ್ಟು ಉಳಿದುದನ್ನು ಹೀರುತ್ತದೆ. ಎರಡು ಧ್ರುವಕಗಳನ್ನು ಒಂದಕ್ಕೊಂದು ಲಂಬವಾಗಿ ಇರಿಸಿದರೆ ಕತ್ತಲು. ಆದರೆ ನಡುವೆ ಇರುವ ದ್ರವಸ್ಫಟಿಕದ ಅಣುಗಳು ಸುರುಳಿ ಮೆಟ್ಟಿಲಿನಂತೆ 90 ಡಿಗ್ರಿ ತಿರುಚಿಕೊಂಡಿದ್ದರೆ, ಅವು ಕಂಪನದ ದಿಕ್ಕನ್ನೂ ಅಷ್ಟೇ ತಿರುಗಿಸಿ ಎರಡನೆಯ ಧ್ರುವಕದಲ್ಲಿ ಹಾದುಹೋಗುವಂತೆ ಮಾಡುತ್ತವೆ. ವಿದ್ಯುತ್ತನ್ನು ಹಾಯಿಸಿದರೆ ಅಣುಗಳು ನೆಟ್ಟಗೆ ನಿಂತು ಮೆಟ್ಟಿಲು ಕಳಚುತ್ತದೆ; ಕಿಟಕಿ ಕಪ್ಪಾಗುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಿದ ಫಲಕಗಳೂ ಉಂಟು. ನಾವು ನೋಡಿದ ಯಂತ್ರದಲ್ಲಿದ್ದುದು ಮೊದಲ ಬಗೆ.

ಇಲ್ಲಿ ನಮ್ಮ ಊರಿನ ಮಾತೊಂದನ್ನು ಹೇಳದೆ ಮುಂದೆ ಹೋಗಲಾಗದು. ಹೆಬ್ಬಾಳಕ್ಕೆ ಹೋಗುವ ದಾರಿಯಲ್ಲಿ, ಮೇಖ್ರಿ ವೃತ್ತದ ಸಮೀಪದಲ್ಲಿ, ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ಸಂಶೋಧನಾಲಯವಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಪ್ರೊಫೆಸರ್ ಎಸ್. ಚಂದ್ರಶೇಖರ್ ಅವರು 1971ರಲ್ಲಿ ಇಲ್ಲಿಗೆ ಬಂದು ದ್ರವಸ್ಫಟಿಕಗಳ ಪ್ರಯೋಗಾಲಯವನ್ನು ಕಟ್ಟಿದರು. ದ್ರವಸ್ಫಟಿಕದ ಅಣುಗಳೆಂದರೆ ಕಡ್ಡಿಯಂತೆ ಉದ್ದವಾಗಿರತಕ್ಕವೆಂಬ ನಂಬಿಕೆ ಅದುವರೆಗೆ ಇತ್ತು. 1977ರಲ್ಲಿ ಅವರು ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ, ನಾಣ್ಯದಂತೆ ಚಪ್ಪಟೆಯಾದ ಅಣುಗಳೂ ಒಂದರ ಮೇಲೊಂದು ಪೇರಿಕೊಂಡು ದ್ರವಸ್ಫಟಿಕವಾಗಬಲ್ಲವೆಂದು ತೋರಿಸಿಕೊಟ್ಟರು. ಆ ಲೇಖನ ಅಚ್ಚಾದುದು ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆಯು ಇಂಥ ಬಿಲ್ಲೆಯಾಕಾರದ ಅಣುಗಳಿಂದ ತೆಳುಹಾಳೆಯೊಂದನ್ನು ತಯಾರಿಸಿತು. ಓರೆಯಾಗಿ ನೋಡಿದಾಗಲೂ ದ್ರವಸ್ಫಟಿಕದ ತೆರೆ ಮಂಕಾಗದಂತೆ ಅದು ಕಾಯುತ್ತದೆ. ಚಂದ್ರಶೇಖರ್ ಅವರು 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕಗಳಿಗೆಂದೇ ಪ್ರತ್ಯೇಕ ಕೇಂದ್ರವನ್ನೂ ತೆರೆದರು. ನಾವು ದುರಸ್ತಿಗೆ ಕುಳಿತಿದ್ದ ಯಂತ್ರದ ಹೃದಯದಲ್ಲಿದ್ದ ವಿದ್ಯೆಯು ಅಷ್ಟು ಹತ್ತಿರದಲ್ಲಿ ಬೆಳೆದದ್ದು.

ಬಿಳಿ ತೆರೆ, ಕಪ್ಪು ತೆರೆ

ನಾನು ತಿರುಪುಳಿಯನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಯಶವಂತಪುರದ ಕುಶಲಕರ್ಮಿ ತಡೆದರು. "ಮೇಷ್ಟ್ರೇ, ಬಿಚ್ಚೋದು ಇದ್ದೇ ಇದೆ. ಮೊದಲು ಬರೀ ಬಿಳಿ ಹಾಕಿ ನೋಡೋಣ, ಆಮೇಲೆ ಬರೀ ಕಪ್ಪು." ಅವರ ಮಾತಿನಲ್ಲಿ ಒಂದು ತರ್ಕಶಾಸ್ತ್ರವೇ ಅಡಗಿತ್ತು.

ಬಿಳಿಯ ತೆರೆಯ ಮೇಲೆ ಹಳದಿ ಕಂಡರೆ, ಅಲ್ಲಿ ಹಳದಿ ಬಂದು ಸೇರಿದೆಯೆಂದು ತಿಳಿಯಬಾರದು. ಯಂತ್ರದಲ್ಲಿ ಹಳದಿಯ ದಾರಿಯೇ ಇಲ್ಲ. ಕೆಂಪು ಮತ್ತು ಹಸುರು ಬೆಳಕು ಕೂಡಿದರೆ ಹಳದಿ. ಆದುದರಿಂದ ಅಲ್ಲಿ ನೀಲಿ ಕಾಣೆಯಾಗಿದೆಯೆಂದು ಅರ್ಥ. ಹಾಗೆಯೇ ಮೆಜೆಂಟಾ ಬಣ್ಣದ ಕಲೆ ಇದ್ದರೆ ಹಸುರಿನ ದಾರಿಯಲ್ಲಿ ತಡೆ; ಹಸುರುನೀಲಿ ಕಲೆ ಇದ್ದರೆ ಕೆಂಪಿನ ದಾರಿಯಲ್ಲಿ ತಡೆ. ಕಪ್ಪು ತೆರೆಯ ಪರೀಕ್ಷೆ ಇದಕ್ಕೆ ವಿರುದ್ಧವಾದುದು. ಅಲ್ಲಿ ಯಾವ ಬಣ್ಣ ಕಾಣುವುದೋ ಆ ಬಣ್ಣ ತಡೆಯಿಲ್ಲದೆ ಸೋರುತ್ತಿದೆ. ಹಾಳೆ ಸುಟ್ಟು ಕಂದಿದ್ದರೆ ಬಿಳಿಯ ತೆರೆಯಲ್ಲಿ ಹಳದಿ; ಹಾಳೆ ತನ್ನ ಧ್ರುವಕ ಗುಣವನ್ನೇ ಕಳೆದುಕೊಂಡಿದ್ದರೆ ಅಥವಾ ಫಲಕದಲ್ಲಿ ಅಣುಗಳನ್ನು ಸಾಲಾಗಿ ನಿಲ್ಲಿಸುವ ಲೇಪ ಹಾಳಾಗಿದ್ದರೆ ಕಪ್ಪು ತೆರೆಯಲ್ಲಿ ನೀಲಿ.

ನಮ್ಮ ಯಂತ್ರದಲ್ಲಿ ಬಿಳಿಯ ಮೇಲೆ ಹಳದಿ ಸ್ಪಷ್ಟವಾಗಿತ್ತು. ಕಪ್ಪಿನ ಮೇಲೆ ಒಂದು ಅಂಚಿನಲ್ಲಿ ಮಾತ್ರ ನೀಲಿಯ ಛಾಯೆ ತುಸು ಕಂಡಿತು. ಮಸೂರವನ್ನು ತಿರುಗಿಸಿ ಚಿತ್ರವನ್ನು ಮಂಕು ಮಾಡಿದೆವು, ಕಲೆ ಸ್ಫುಟವಾಗಲಿಲ್ಲ. ಧೂಳಿನ ಕಣವಾಗಿದ್ದರೆ, ಅದು ಫಲಕದ ಸಮತಲಕ್ಕಿಂತ ತುಸು ಈಚೆಗೋ ಆಚೆಗೋ ಇರುವುದರಿಂದ, ಚಿತ್ರ ಮಂಕಾಗುವ ಹೊತ್ತಿಗೆ ತಾನು ಸ್ಪಷ್ಟವಾಗಬೇಕಿತ್ತು. ಹೀಗೆ ಒಂದು ತಿರುಪನ್ನೂ ಬಿಚ್ಚದೆ ಗುಮಾನಿಯು ನೀಲಿಯ ದಾರಿಯ ಧ್ರುವಕಕ್ಕೆ ಬಂದು ನಿಂತಿತು.

ಬೆಳಕಿನ ಆಯವ್ಯಯ

ನೀಲಿಯ ದಾರಿಯೇ ಏಕೆ ಕೆಡಬೇಕು? ಇದಕ್ಕೆ ಉತ್ತರ ಎರಡು ಲೆಕ್ಕಗಳಲ್ಲಿದೆ.

ಮೊದಲನೆಯದು ಫೋಟಾನಿನ ಲೆಕ್ಕ. ತರಂಗಾಂತರ ಕಡಮೆಯಾದಷ್ಟೂ ಫೋಟಾನಿನ ಶಕ್ತಿ ಹೆಚ್ಚು. 630 ನ್ಯಾನೊಮೀಟರಿನ ಕೆಂಪು ಫೋಟಾನಿನಲ್ಲಿ 1.97 ಎಲೆಕ್ಟ್ರಾನ್-ವೋಲ್ಟ್ ಶಕ್ತಿಯಿದ್ದರೆ, 450 ನ್ಯಾನೊಮೀಟರಿನ ನೀಲಿ ಫೋಟಾನಿನಲ್ಲಿ 2.76. ಪಾದರಸದ ದೀಪದಿಂದ ಬರುವ ನೇರಳಾತೀತ ಕಿರಣಗಳನ್ನು ಶೋಧಕ ಗಾಜು ತಡೆಯುವುದಾದರೂ, ಅಲ್ಪಸ್ವಲ್ಪ ಉಳಿದರೆ ಅದು ಸೇರುವುದೂ ನೀಲಿಯ ದಾರಿಗೇ. ಬಟ್ಟೆಯ ಬಣ್ಣ ಬಿಸಿಲಿಗೆ ಮಾಸುವಂತೆ, ಪ್ಲಾಸ್ಟಿಕ್ ಮತ್ತು ವರ್ಣದ್ರವ್ಯಗಳಿಂದಾದ ಧ್ರುವಕ ಹಾಳೆ ಈ ಪೆಟ್ಟುಗಳಿಂದ ನಿಧಾನವಾಗಿ ನಶಿಸುತ್ತದೆ.

ಎರಡನೆಯದು ಶಾಖದ ಲೆಕ್ಕ. ದೀಪ ಸೇವಿಸುವುದು 220 ವಾಟ್ ಎಂದಿಟ್ಟುಕೊಳ್ಳೋಣ. ತೆರೆಗೆ ತಲಪುವುದು 2,500 ಲ್ಯೂಮೆನ್. ಒಂದು ವಾಟಿನಷ್ಟು ಬಿಳಿಯ ಬೆಳಕು ಸುಮಾರು 300 ಲ್ಯೂಮೆನಿಗೆ ಸಮ. ಆದುದರಿಂದ ತೆರೆ ಸೇರಿದ ಬೆಳಕು ಕೇವಲ 8 ವಾಟ್! ನೂರು ರೂಪಾಯಿ ಸಂಪಾದಿಸಿ ನಾಲ್ಕು ರೂಪಾಯಿಯನ್ನು ಮನೆಗೆ ತಂದಂತಾಯಿತು. ಉಳಿದ 212 ವಾಟಿನಲ್ಲಿ ಹೆಚ್ಚುಕಡಮೆ ಎಲ್ಲವೂ ಯಂತ್ರದ ಪೆಟ್ಟಿಗೆಯೊಳಗೇ ಶಾಖವಾಗುತ್ತದೆ. ಇದನ್ನು ಬೀಸಣಿಗೆಗಳು ಗಾಳಿಯ ಮೂಲಕ ಹೊರಗೆ ಸಾಗಿಸಬೇಕು. ಗಾಳಿಯ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ ಡಿಗ್ರಿಯೊಂದಕ್ಕೆ ಸುಮಾರು 1,005 ಜೂಲ್. ಒಳಹೊಕ್ಕ ಗಾಳಿ 15 ಡಿಗ್ರಿಗಿಂತ ಹೆಚ್ಚು ಕಾಯಬಾರದೆಂದರೆ ಸೆಕೆಂಡಿಗೆ 14 ಗ್ರಾಂ ಗಾಳಿ ಹರಿಯಬೇಕು. ಸಮುದ್ರಮಟ್ಟದಲ್ಲಿ ಇದು 12 ಲೀಟರ್. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ನೂರಕ್ಕೆ ಹತ್ತರಷ್ಟು ವಿರಳವಾದ್ದರಿಂದ 13 ಲೀಟರಿಗೂ ಮಿಕ್ಕುತ್ತದೆ. ಮಂಗಳೂರಿನಲ್ಲಿ ಬೀಸಿದಷ್ಟೇ ಬೀಸಿದರೆ ಬೆಂಗಳೂರಿನ ಬೀಸಣಿಗೆಗೆ ಸಾಲದು.

ಈಗ ಧೂಳು ಸೇರಿಸಿ ನೋಡಿ. ಸಹೋದ್ಯೋಗಿಗಳ ಮನೆ ಬಳ್ಳಾರಿ ರಸ್ತೆಗೆ ದೂರವಲ್ಲ. ಮೆಟ್ರೊ ಮತ್ತು ರಸ್ತೆಯ ಕಾಮಗಾರಿ ನಡೆದ ವರ್ಷಗಳಲ್ಲಿ ಕಿಟಕಿಯ ಸರಳುಗಳ ಮೇಲೆ ದಿನವೂ ಕೆಂಪು ಪುಡಿ ಕೂರುತ್ತಿತ್ತು. ಯಂತ್ರದ ಗಾಳಿಶೋಧಕವನ್ನು ಎಳೆದಾಗ ಕಂಬಳಿಯ ತುಂಡಿನಂತಹ ಬೂದು ಪದರ ಕೈಗೆ ಬಂದಿತು. ಗಾಳಿಯ ಹರಿವು ಅರ್ಧಕ್ಕೆ ಇಳಿದಿದ್ದರೆ 15 ಡಿಗ್ರಿಯ ಏರಿಕೆ 30 ಆಗುತ್ತದೆ. ಕೋಣೆ 30 ಡಿಗ್ರಿಯಿದ್ದರೆ ಹೊರಬರುವ ಗಾಳಿ 60. ರಾಸಾಯನಿಕ ಕ್ರಿಯೆಯ ವೇಗವು ಪ್ರತಿ 10 ಡಿಗ್ರಿಗೆ ಸ್ಥೂಲವಾಗಿ ಇಮ್ಮಡಿಸುವುದೆಂಬ ನಿಯಮವನ್ನು ಒಪ್ಪಿದರೆ, ಹಾಳೆಯ ಆಯುಸ್ಸು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೆಲವು ನೂರು ರೂಪಾಯಿಯ ಶೋಧಕವನ್ನು ಕೊಡವದಿದ್ದುದರ ದಂಡ ಇದು.

ಬಿಚ್ಚುವ ಮುನ್ನ

ಇಲ್ಲಿ ವಿದ್ಯಾರ್ಥಿಗಳಿಗೆ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ಉರಿಯುತ್ತಿರುವ ಪಾದರಸದ ದೀಪದೊಳಗೆ ವಾಯುಮಂಡಲದ 200 ಮಡಿಯಷ್ಟು ಒತ್ತಡವಿರುತ್ತದೆ. ಅದು ಒಡೆದರೆ ಗಾಜಿನ ಚೂರು ಮಾತ್ರವಲ್ಲ, ಪಾದರಸದ ವಿಷಯುಕ್ತ ಆವಿಯೂ ಹೊರಬರುತ್ತದೆ. ದೀಪವನ್ನು ಹೊತ್ತಿಸುವ ಮಂಡಲದಲ್ಲಿ ಹಲವು ಸಾವಿರ ವೋಲ್ಟು. ವಿದ್ಯುತ್ತಿನ ಸಂಪರ್ಕ ತೆಗೆದ ಮೇಲೂ ಧಾರಕಗಳಲ್ಲಿ ವಿದ್ಯುದಂಶ ಉಳಿದಿರುತ್ತದೆ. ಲೇಸರ್ ದೀಪವಿರುವ ಯಂತ್ರಗಳಲ್ಲಿ ಒಂದು ಕ್ಷಣದ ಅಜಾಗ್ರತೆ ಕಣ್ಣನ್ನೇ ಕಸಿಯಬಹುದು. ಶೋಧಕವನ್ನು ಶುಚಿಗೊಳಿಸುವುದು, ತೆರೆಯನ್ನು ಓದುವುದು, ಇವೆರಡು ಎಲ್ಲರಿಗೂ ಸಲ್ಲುವ ಕೆಲಸ. ಹೊದಿಕೆಯನ್ನು ಬಿಚ್ಚುವುದು ಕಲಿತವರ ಕೆಲಸ. ನಮ್ಮ ಯಂತ್ರವನ್ನು ಬಿಚ್ಚಿದುದು ಹಿಂದಿನ ರಾತ್ರಿಯೇ ಸಂಪರ್ಕ ತೆಗೆದು, ತಣಿದ ಮೇಲೆ, ಆ ಕುಶಲಕರ್ಮಿಯ ಕೈಯಿಂದ.

ಪಟ್ಟಕಕ್ಕೆ ಅಂಟಿಸಿರುವ ಮೂರು ಫಲಕಗಳನ್ನು ಅವರು ಮುಟ್ಟಲಿಲ್ಲ. ಒಂದು ಫಲಕ ಕೂದಲೆಳೆಯ ದಪ್ಪದಷ್ಟು ಸರಿದರೂ ಹಲವು ಚುಕ್ಕೆಗಳಷ್ಟು ಅಂತರ ಬಿದ್ದು, ಪ್ರತಿ ಅಕ್ಷರಕ್ಕೂ ಬಣ್ಣದ ಅಂಚು ಮೂಡುತ್ತದೆ. ನೀಲಿಯ ಫಲಕಕ್ಕೂ ಪಟ್ಟಕಕ್ಕೂ ನಡುವೆ ಚೌಕಟ್ಟಿನಲ್ಲಿದ್ದ ಧ್ರುವಕವನ್ನು ಮಾತ್ರ ಚಿಮಟದಿಂದ ಎಳೆದು ಕಿಟಕಿಯ ಬೆಳಕಿಗೆ ಹಿಡಿದರು. ನಡುವೆ ಕಂದು ಬಣ್ಣದ ಸುಟ್ಟ ಮಚ್ಚೆ!

ಆ ಮಚ್ಚೆ ನಟ್ಟನಡುವೆ ಇರದೆ ತುಸು ಮೇಲಕ್ಕಿತ್ತು. ತೆರೆಯ ಮೇಲಾದರೋ ಕಲೆ ತುಸು ಕೆಳಗಿತ್ತು. ಮಸೂರವು ಬಿಂಬವನ್ನು ತಲೆಕೆಳಗು ಮಾಡುವುದರಿಂದ ಇದು ಸರಿಯಾಗಿಯೇ ಇದೆ. ಹಾಳೆಯ ನಡುಭಾಗ ಸುಡುವುದು ಅಲ್ಲಿ ಬೆಳಕು ಹೆಚ್ಚಾಗಿರುವುದರಿಂದ. ಮೇಲಕ್ಕೆ ಸರಿದದ್ದೇಕೆ? ಬೀಸಣಿಗೆಯ ಗಾಳಿ ಕೆಳಗಿನಿಂದ ಬರುತ್ತದೆ. ಏರುತ್ತ ಏರುತ್ತ ತಾನೇ ಕಾಯುತ್ತದೆ. ಮೇಲ್ಭಾಗಕ್ಕೆ ತಂಪು ಉಳಿಯುವುದಿಲ್ಲ. ಗಾಳಿ ಹರಿದ ದಿಕ್ಕನ್ನೂ ಕಲೆ ಬರೆದಿಟ್ಟಿತ್ತು.

ನನ್ನದೊಂದು ತಪ್ಪು

ಅದೇ ಅಳತೆಯ ಹೊಸ ಧ್ರುವಕ ಹಾಳೆಯನ್ನು ಕುಶಲಕರ್ಮಿ ತರಿಸಿಕೊಟ್ಟರು. ಅದನ್ನು ಕತ್ತರಿಸುವ ಕೆಲಸವನ್ನು ನಾನು ಹುಮ್ಮಸ್ಸಿನಿಂದ ವಹಿಸಿಕೊಂಡೆ. ಅಳತೆ ಕೂದಲಿನಷ್ಟೂ ತಪ್ಪಲಿಲ್ಲ. ಆದರೆ ಅಕ್ಷದ ದಿಕ್ಕನ್ನು ನೋಡದೆ ಅಡ್ಡವನ್ನು ಉದ್ದವೆಂದು ಎಣಿಸಿ ಕತ್ತರಿಸಿದೆ. ಯಂತ್ರವನ್ನು ಹಚ್ಚಿದಾಗ ಬಿಳಿಯ ತೆರೆ ಪೂರ್ತಿ ಹಳದಿಯಾಯಿತು, ಕಪ್ಪು ತೆರೆ ಪೂರ್ತಿ ನೀಲಿಯಾಯಿತು! ಎರಡು ಧ್ರುವಕಗಳು ಲಂಬವಾಗಿರುವ ಬದಲು ಸಮಾಂತರವಾದ್ದರಿಂದ, ತೆರೆದಿರಬೇಕಾದ ಕಿಟಕಿಗಳು ಮುಚ್ಚಿ, ಮುಚ್ಚಿರಬೇಕಾದವು ತೆರೆದಿದ್ದವು. ನೀಲಿಯ ಚಿತ್ರವೊಂದು ಮಾತ್ರ ಛಾಯಾಚಿತ್ರದ ನೆಗೆಟಿವಿನಂತೆ ತಿರುವುಮುರುವಾಗಿತ್ತು. ತರಗತಿಯಲ್ಲಿ ಹತ್ತು ವರ್ಷದಿಂದ ಇದೇ ಪಾಠವನ್ನು ಹೇಳುತ್ತಿದ್ದ ನನಗೆ ನಾಚಿಕೆಯಾಯಿತು. "ಹಾಳೆ ಇನ್ನೊಂದಿದೆ, ಬಿಡಿ ಮೇಷ್ಟ್ರೇ" ಎಂದು ಅವರು ನಕ್ಕು, ತಾವೇ ಕತ್ತರಿಸಿ ಗಾಜಿನ ಮೇಲೆ ಅಂಟಿಸಿದರು. ಉತ್ತಮ ಯಂತ್ರಗಳಲ್ಲಿ ಗಾಜಿನ ಬದಲು ನೀಲಮಣಿಯ ಜಾತಿಯ ಕೃತಕ ಸ್ಫಟಿಕವನ್ನು ಉಪಯೋಗಿಸುವುದುಂಟು. ಅದು ಗಾಜಿಗಿಂತ ಎಷ್ಟೋ ಪಾಲು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ.

ಹಳದಿ ಹೋಯಿತು. ಆದರೆ ಪೂರ್ಣವಾಗಿ ಅಲ್ಲ. ಕಪ್ಪು ತೆರೆಯಲ್ಲಿ ಮೊದಲು ಕಂಡಿದ್ದ ಅಂಚಿನ ನೀಲಿ ಛಾಯೆ ಹಾಗೆಯೇ ಉಳಿಯಿತು. ಫಲಕದೊಳಗಿನ ಲೇಪಕ್ಕೂ ಅಷ್ಟಿಷ್ಟು ಪೆಟ್ಟು ಬಿದ್ದಿದೆ, ಅದಕ್ಕೆ ಔಷಧಿಯಿಲ್ಲ. ಇನ್ನೂ ಆರು ತಿಂಗಳು ಹಾಗೆಯೇ ನಡೆಸಿದ್ದರೆ ಫಲಕವೇ ಹೋಗುತ್ತಿತ್ತು. ಆಗ ಆ ಮೊದಲ ಅಂಗಡಿಯವರ ಮಾತು ನಿಜವಾಗುತ್ತಿತ್ತು. ದುರಸ್ತಿಗೂ ಒಂದು ಕಾಲವಿದೆ.

ಬೇರೆ ಕೆಲವು ಲಕ್ಷಣಗಳು

ಎಲ್ಲ ಪ್ರಕ್ಷೇಪಕಗಳೂ ಈ ಜಾತಿಯವಲ್ಲ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯಲ್ಲಿ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದ ಫಲಕದಲ್ಲಿ ದ್ರವಸ್ಫಟಿಕದ ಕಿಟಕಿಗಳ ಬದಲು ಕೂದಲೆಳೆಗಿಂತ ಎಷ್ಟೋ ಸಣ್ಣವಾದ ಲಕ್ಷಾಂತರ ಕನ್ನಡಿಗಳಿವೆ. ಪ್ರತಿಯೊಂದೂ ಸುಮಾರು 12 ಡಿಗ್ರಿ ಅತ್ತ ಇಲ್ಲವೆ ಇತ್ತ ಓಲುತ್ತದೆ. ಒಂದು ಕನ್ನಡಿ ಅಂಟಿಕೊಂಡರೆ ತೆರೆಯಲ್ಲಿ ಸದಾ ಬಿಳಿಯಾಗಿಯೋ ಕಪ್ಪಾಗಿಯೋ ಇರುವ ಒಂದು ಚುಕ್ಕೆ. ಬಣ್ಣಗಳು ತಾವಾಗಿ ಅದಲುಬದಲಾಗಿ ಕರ್ಕಶ ಸದ್ದು ಬಂದರೆ ತಿರುಗುವ ಬಣ್ಣದ ಚಕ್ರದ ಮೇಲೆ ಗುಮಾನಿ. ದ್ರವಸ್ಫಟಿಕದ ಯಂತ್ರದಲ್ಲಿ ಮೇಲಿನಿಂದ ಕೆಳಕ್ಕೆ ಒಂದೇ ಬಣ್ಣದ ನೆಟ್ಟನೆಯ ಗೆರೆ ಕಂಡರೆ ಆ ಫಲಕದ ವಿದ್ಯುತ್ ಸಂಪರ್ಕದಲ್ಲಿ ದೋಷ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ತಾನಾಗಿ ಆರಿಹೋದರೆ ದೀಪವನ್ನು ದೂರುವ ಮೊದಲು ಶೋಧಕವನ್ನೂ ಬೀಸಣಿಗೆಯನ್ನೂ ನೋಡಬೇಕು.

ಸವೆದ ದೀಪವನ್ನು ಮಾತ್ರ ಕಸದ ಬುಟ್ಟಿಗೆ ಎಸೆಯಲಾಗದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯ ನಿಯಮಗಳಿರುವಾಗ, ಪಾದರಸವಿರುವ ದೀಪವನ್ನು ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸುವುದೇ ಸರಿಯಾದ ದಾರಿ. ಒಂದು ಹಾಳೆ ಕೆಟ್ಟಿತೆಂದು ಇಡೀ ಯಂತ್ರವನ್ನು ಎಸೆಯುವುದಾದರೆ, ಕೆಡದ ಮಸೂರ, ಕನ್ನಡಿ, ಪಟ್ಟಕಗಳೂ ಅದರೊಡನೆ ಕಸವಾಗುತ್ತವೆ. ಕಾರಣ ತಿಳಿಯದವನಿಗೆ ಎಲ್ಲವೂ ಕೆಟ್ಟಂತೆ ಕಾಣುತ್ತದೆ. ತಿಳಿದವನು ಕೆಟ್ಟುದನ್ನಷ್ಟೇ ತೆಗೆಯುತ್ತಾನೆ.

ನೀವೇ ಮಾಡಿ ನೋಡಿ

1. ಧ್ರುವಕ ಗಾಜಿನ ತಂಪು ಕನ್ನಡಕವೊಂದನ್ನು ಹಿಡಿದು ಅದರ ಮೂಲಕ ಗಣಕಯಂತ್ರದ ಅಂಕಿಗಳನ್ನು ನೋಡಿರಿ. ಕನ್ನಡಕವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿರಿ. ಅಂಕಿಗಳ ಹಿಂದಿನ ಬೆಳಕು ಎಷ್ಟು ಸಲ ಕಪ್ಪಾಗುತ್ತದೆ? ಏಕೆ?

2. ನಿಮ್ಮ ಕಾಲೇಜಿನ ಪ್ರಕ್ಷೇಪಕದಿಂದ ಮೊದಲು ಬಿಳಿಯ, ಆಮೇಲೆ ಕಪ್ಪು ತೆರೆಯನ್ನು ತೋರಿಸಿ, ಕಂಡ ಕಲೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿರಿ. ಪ್ರತಿಯೊಂದಕ್ಕೂ ಕಾರಣವನ್ನು ಊಹಿಸಿರಿ.

3. ನಿಮ್ಮ ಊರಿನ ಎತ್ತರವನ್ನು ತಿಳಿದು, 212 ವಾಟ್ ಶಾಖವನ್ನು 15 ಡಿಗ್ರಿಯ ಏರಿಕೆಯಲ್ಲಿ ಸಾಗಿಸಲು ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಬೇಕೆಂದು ಲೆಕ್ಕ ಹಾಕಿರಿ.

ನಮ್ಮ ಸಹೋದ್ಯೋಗಿಗಳು ಈಗ ಪ್ರತಿ ತಿಂಗಳ ಮೊದಲ ಭಾನುವಾರ ಶೋಧಕವನ್ನು ತೆಗೆದು ಮೆತ್ತನೆಯ ಕುಂಚದಿಂದ ಕೊಡವುತ್ತಾರೆ. ಆ ಸಂಜೆ 'ಬೇಡರ ಕಣ್ಣಪ್ಪ' ಮತ್ತೆ ತೆರೆಯ ಮೇಲೆ ಬಂದಾಗ ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, "ಈಗ ಬಿಳಿ ಬಿಳಿಯಾಗಿದೆ ನೋಡಪ್ಪ" ಎಂದರು. ಅಂಚಿನ ನೀಲಿ ಛಾಯೆ ಅವರ ಕಣ್ಣಿಗೆ ಬೀಳಲಿಲ್ಲ, ನಾವೂ ತೋರಿಸಲಿಲ್ಲ.